ಎಳೆಯದ ವಿದ್ಯುತ್ ಸೈಕಲ್ಲು: ದೋಷ ಹುಡುಕುವ ಕ್ರಮ, ದಾಟಬಾರದ ಗೆರೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ವಿದ್ಯುತ್ ಸೈಕಲ್ಲುಗಳ ಬಗ್ಗೆ ನನ್ನ ಕಿವಿಗೆ ಬಿದ್ದಿರುವ ದೂರುಗಳು ಬಹುಮಟ್ಟಿಗೆ ಮೂರೇ. ಮೋಟಾರು ಎಳೆಯುವುದೇ ಇಲ್ಲ. ಎಳೆಯುತ್ತದೆ, ಆದರೆ ನಡುದಾರಿಯಲ್ಲಿ ಕೈಕೊಡುತ್ತದೆ. ಇಪ್ಪತ್ತೈದು ಕಿಲೋಮೀಟರಿನ ವೇಗ ಮುಟ್ಟಿದೊಡನೆ ನಿಂತುಬಿಡುತ್ತದೆ. ಇವುಗಳಲ್ಲಿ ಮೂರನೆಯದು ದೋಷವೇ ಅಲ್ಲ, ಆದರೆ ಅದನ್ನು ದೋಷವೆಂದು ತಿಳಿದು ಮಾಡಿಸಿಕೊಂಡ 'ರಿಪೇರಿ'ಯಿಂದ ಆಗಿರುವಷ್ಟು ಹಾನಿ ಮೊದಲಿನ ಎರಡರಿಂದ ಆದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಈ ಬರಹದಲ್ಲಿ ದೋಷ ಪತ್ತೆಯ ಕ್ರಮವನ್ನೂ ಕಾನೂನಿನ ಗೆರೆಯನ್ನೂ ಬೇರೆ ಬೇರೆಯಾಗಿ ಇಟ್ಟಿಲ್ಲ.

ಹಬ್ ಮೋಟಾರಿನ, ಅಂದರೆ ಚಕ್ರದ ನಡುವೆಯೇ ಮೋಟಾರಿರುವ, ಸಾಮಾನ್ಯ ಸೈಕಲ್ಲಿನಲ್ಲಿ ಎಲ್ಲ ವಯರುಗಳೂ ಹೋಗಿ ಸೇರುವುದು ಕಂಟ್ರೋಲರ್ ಎಂಬ ಅಂಗೈಯಗಲದ ಪೆಟ್ಟಿಗೆಗೆ. ಬ್ಯಾಟರಿಯ ಶಕ್ತಿಯನ್ನು ಮೋಟಾರಿಗೆ ಹಂಚುವುದು ಅದರ ಕೆಲಸವಾದರೂ, ಹಂಚದೆ ತಡೆಹಿಡಿಯುವುದೂ ಅಷ್ಟೇ ಮುಖ್ಯವಾದ ಕೆಲಸ. ಬ್ರೇಕ್ ಹಿಡಿದಿದೆ ಎಂದು ಲಿವರಿನ ಸ್ವಿಚ್ಚು ಹೇಳಿದರೆ ಅದು ನಿಲ್ಲಿಸುತ್ತದೆ. ಪೆಡಲ್ ತಿರುಗುತ್ತಿಲ್ಲ ಎಂದು ಸೆನ್ಸರ್ ಹೇಳಿದರೆ ನಿಲ್ಲಿಸುತ್ತದೆ. ವೋಲ್ಟೇಜು ಇಳಿದರೆ ನಿಲ್ಲಿಸುತ್ತದೆ. ವೇಗ ಮಿತಿ ಮುಟ್ಟಿದರೆ ನಿಲ್ಲಿಸುತ್ತದೆ. ಎಳೆಯದ ಸೈಕಲ್ಲಿನ ಎದುರು ಕುಳಿತಾಗ ಕೇಳಬೇಕಾದ ಪ್ರಶ್ನೆ 'ಏನು ಹಾಳಾಗಿದೆ' ಎನ್ನುವುದಕ್ಕಿಂತ 'ಕಂಟ್ರೋಲರಿಗೆ ಬೇಡವೆಂದು ಹೇಳುತ್ತಿರುವವರು ಯಾರು' ಎನ್ನುವುದು. ಹೇಳುತ್ತಿರುವ ಭಾಗ ಸುಳ್ಳು ಹೇಳುತ್ತಿದ್ದರೆ ಅದನ್ನು ಸರಿಪಡಿಸಬೇಕು ಅಥವಾ ಬದಲಿಸಬೇಕು. ಅದರ ಬಾಯಿ ಮುಚ್ಚಿಸಬಾರದು. ನಮ್ಮ ಕಡೆ ನಡೆಯುವ ತಪ್ಪು ರಿಪೇರಿಗಳೆಲ್ಲ ಬಾಯಿ ಮುಚ್ಚಿಸುವ ಜಾತಿಯವು.

ಇಪ್ಪತ್ತೈದರ ಗೆರೆ

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ಎರಡನೆಯ ನಿಯಮವು ಬ್ಯಾಟರಿ ಚಾಲಿತ ವಾಹನವನ್ನು ವಿವರಿಸುವಾಗ ಒಂದು ವಿನಾಯಿತಿಯನ್ನು ಕೊಡುತ್ತದೆ. ಮೋಟಾರಿನ ಮೂವತ್ತು ನಿಮಿಷದ ಶಕ್ತಿ 0.25 ಕಿಲೋವ್ಯಾಟಿನ ಮಿತಿಯೊಳಗಿರಬೇಕು. ವೇಗ ಗಂಟೆಗೆ 25 ಕಿಲೋಮೀಟರಿನ ಮಿತಿಯೊಳಗಿರಬೇಕು. ಪೆಡಲಿಗೆ ನೆರವಾಗುವ ಮೋಟಾರಾದರೆ ವೇಗ 25ನ್ನು ಸಮೀಪಿಸುತ್ತಿದ್ದಂತೆ ಅದರ ನೆರವು ಕ್ರಮೇಣ ಕಡಿಮೆಯಾಗಿ ಕೊನೆಗೆ ನಿಲ್ಲಬೇಕು, ಸವಾರ ತುಳಿಯುವುದನ್ನು ನಿಲ್ಲಿಸಿದರೆ ಅದಕ್ಕಿಂತ ಮೊದಲೇ ನಿಲ್ಲಬೇಕು. ಸರಿಯಾದ ಬ್ರೇಕುಗಳೂ, ಮುಂದೆ ಬಿಳಿಯ, ಹಿಂದೆ ಕೆಂಪಿನ ಪ್ರತಿಫಲಕಗಳೂ ಇರಬೇಕು. ಮಾದರಿಯನ್ನು 126ನೆಯ ನಿಯಮದಲ್ಲಿ ಹೇಳಿದ ಪರೀಕ್ಷಾ ಸಂಸ್ಥೆ ಪರಿಶೀಲಿಸಿ ಪ್ರಮಾಣೀಕರಿಸಿರಬೇಕು, ಪುಣೆಯ ಎ.ಆರ್.ಎ.ಐ., ಮಾನೇಸರದ ಐ-ಕ್ಯಾಟ್ ಅಂಥ ಸಂಸ್ಥೆಗಳು. ಇಷ್ಟೂ ಕೂಡಿ ಬಂದಾಗ ಮಾತ್ರ ಆ ಸೈಕಲ್ಲು ಕಾನೂನಿನ ಕಣ್ಣಿಗೆ ಮೋಟಾರು ವಾಹನವಲ್ಲ, ಆದ್ದರಿಂದ ನೋಂದಣಿ, ಚಾಲನಾ ಪರವಾನಗಿ, ವಿಮೆ ಯಾವುದೂ ಬೇಡ. ಇದು ಕೇಂದ್ರದ ನಿಯಮವಾದುದರಿಂದ ತಲಪಾಡಿಯ ಕೇರಳ-ಕರ್ನಾಟಕ ಗಡಿಯ ಈಚೆಗೂ ಆಚೆಗೂ ಒಂದೇ.

ಅಂದರೆ 25ರಲ್ಲಿ ಮೋಟಾರು ನಿಲ್ಲುವುದು ಆ ವಿನಾಯಿತಿಗೆ ಕೊಟ್ಟ ಬೆಲೆ. ಅನೇಕ ಕಂಟ್ರೋಲರುಗಳಲ್ಲಿ ಈ ಮಿತಿಯನ್ನು ಒಂದು ಸಣ್ಣ ವಯರಿನ ಜೋಡಣೆಯಿಂದಲೋ ಡಿಸ್‌ಪ್ಲೇಯ ಒಳಗಿನ ಒಂದು ಸಂಖ್ಯೆಯಿಂದಲೋ ಕಟ್ಟಿರುತ್ತಾರೆ. ಅದನ್ನು ಬಿಚ್ಚಲು ಐದು ನಿಮಿಷ ಸಾಕು. ಬಿಚ್ಚಿದ ಮೇಲೆ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. 2019ರ ತಿದ್ದುಪಡಿಯ ಅನಂತರ ಮೋಟಾರು ವಾಹನ ಕಾಯಿದೆಯಲ್ಲಿ ಪರವಾನಗಿಯಿಲ್ಲದ ಚಾಲನೆಗೆ 5,000 ರೂಪಾಯಿ ದಂಡವಿದೆ. ವಿಮೆಯಿಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿಯೋ ಮೂರು ತಿಂಗಳವರೆಗಿನ ಸೆರೆಯೋ ಎರಡೂ ಸೇರಿಯೋ. ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿಯೋ ಆರು ತಿಂಗಳವರೆಗಿನ ಸೆರೆಯೋ ಎರಡೂ ಸೇರಿಯೋ. ಸವಾರ ಹದಿನೆಂಟು ತುಂಬದ ಶಾಲಾ ಹುಡುಗನಾದರೆ 199ಎ ಸೆಕ್ಷನ್ ಅಡಿಯಲ್ಲಿ ಪೋಷಕರೇ ಹೊಣೆ: ಮೂರು ವರ್ಷದವರೆಗಿನ ಸೆರೆ, 25,000 ರೂಪಾಯಿ ದಂಡ, ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಪರವಾನಗಿಯಿಲ್ಲ. ವಿದ್ಯುತ್ ಸೈಕಲ್ಲನ್ನು ಹೆಚ್ಚಾಗಿ ಕೊಡಿಸುವುದೇ ಪ್ಲಸ್ ಟು ಓದುವ ಮಕ್ಕಳಿಗಾದುದರಿಂದ ಈ ಸೆಕ್ಷನ್ನನ್ನು ತಂದೆತಾಯಂದಿರು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಆದರೂ ಈ ದೂರಿನಲ್ಲಿ ಒಂದು ನಿಜವಾದ ದೋಷ ಅಡಗಿರಬಹುದು. ಮೋಟಾರು 25ರಲ್ಲಿ ನಿಲ್ಲದೆ 22ರಲ್ಲೇ ನಿಲ್ಲುತ್ತಿದ್ದರೆ, ಅಥವಾ 30 ದಾಟಿದರೂ ನಿಲ್ಲದಿದ್ದರೆ, ಮೊದಲು ನೋಡಬೇಕಾದದ್ದು ಡಿಸ್‌ಪ್ಲೇಯಲ್ಲಿ ತುಂಬಿಸಿರುವ ಚಕ್ರದ ಅಳತೆ. 26 ಇಂಚಿನ ಚಕ್ರಕ್ಕೆ 29 ಎಂದು ತುಂಬಿಸಿದ್ದರೆ ಡಿಸ್‌ಪ್ಲೇ 25 ತೋರಿಸುವಾಗ ನಿಜವಾದ ವೇಗ 22ರ ಆಸುಪಾಸು. 20 ಎಂದು ತುಂಬಿಸಿದ್ದರೆ 32ನ್ನು ದಾಟಿರುತ್ತದೆ. ಸಮತಟ್ಟಾದ ದಾರಿಯಲ್ಲಿ ಮೊಬೈಲಿನ ಜಿ.ಪಿ.ಎಸ್. ವೇಗದೊಡನೆ ಹೋಲಿಸಿದರೆ ಸಂಗತಿ ತಿಳಿಯುತ್ತದೆ. ಎರಡನೆಯ ತಪ್ಪು ಯಾರ ಕೈಯಿಂದಲೋ ತಿಳಿಯದೆ ಆಗಿರಬಹುದು, ತಿಳಿದೂ ಆಗಿರಬಹುದು. ಯಾವುದಾದರೂ ತಿದ್ದಿಡುವುದೇ ಸರಿ.

ಬಿಚ್ಚುವ ಮೊದಲು

ಕೈಯಲ್ಲಿ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಅಲೆನ್ ಕೀಗಳು, ಸಣ್ಣ ಬ್ರಶ್ಶು ಇದ್ದರೆ ಇಲ್ಲಿ ಹೇಳಿರುವ ಮುಕ್ಕಾಲು ಕೆಲಸ ಆಗುತ್ತದೆ. ವೋಲ್ಟೇಜು ಅಳೆಯಬೇಕಾದ ಪರೀಕ್ಷೆಗಳನ್ನು ಬಿಟ್ಟು ಉಳಿದ ಎಲ್ಲದಕ್ಕೂ ಬ್ಯಾಟರಿಯನ್ನು ಕಳಚಿಟ್ಟೇ ಕೆಲಸ ಮಾಡಬೇಕು. ಮೋಟಾರಿರುವ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ. ಜಗಲಿಯ ಪಕ್ಕಾಸಿಗೆ ಹಗ್ಗ ಹಾಕಿ ಸೀಟನ್ನು ನೇತುಹಾಕಿದರೂ ಆಗುತ್ತದೆ. ಮುಂಡಿನ ಅಂಚು, ಉದ್ದ ಕೂದಲು, ಕೈಬೆರಳು ಯಾವುದೂ ಕಡ್ಡಿಗಳ ಹತ್ತಿರ ಇರಬಾರದು, ಏಕೆಂದರೆ ಥ್ರಾಟಲ್, ಅಂದರೆ ತಿರುವಿ ವೇಗ ಕೊಡುವ ಹಿಡಿ, ಕೆಟ್ಟಿರುವ ಸೈಕಲ್ಲು ಸ್ವಿಚ್ಚು ಹಾಕಿದ ಕ್ಷಣದಲ್ಲೇ ಪೂರ್ಣ ವೇಗದಲ್ಲಿ ತಿರುಗಬಲ್ಲದು. ಉಂಗುರ, ಕೈಗಡಿಯಾರ ತೆಗೆದಿಡಬೇಕು. 36 ವೋಲ್ಟು ಮೈಗೆ ಆಘಾತ ಕೊಡದಿದ್ದರೂ ಬ್ಯಾಟರಿಯ ಎರಡು ತುದಿಗಳ ನಡುವೆ ಸಿಕ್ಕ ಉಂಗುರವನ್ನು ಕೆಂಪಗೆ ಕಾಯಿಸಬಲ್ಲದು.

ಡಿಸ್‌ಪ್ಲೇಯಲ್ಲಿ ಎರರ್ ಕೋಡ್ ಕಾಣಿಸಿದರೆ ಬರೆದಿಟ್ಟುಕೊಳ್ಳಿ. ಆದರೆ ಒಂದು ತಯಾರಕರ 21 ಇನ್ನೊಬ್ಬರ 21 ಅಲ್ಲ. ನಿಮ್ಮ ಸೈಕಲ್ಲಿನೊಡನೆ ಬಂದ ಪುಸ್ತಿಕೆಯನ್ನಲ್ಲದೆ ಬೇರೆಯದನ್ನು ನಂಬಬೇಡಿ. ನಮ್ಮ ಜಿಲ್ಲೆಯಲ್ಲಿ ಪುಸ್ತಿಕೆ ಇಂಗ್ಲಿಷಿನಲ್ಲಿ, ಅಂಗಡಿಯವರ ವಿವರಣೆ ಮಲೆಯಾಳದಲ್ಲಿ, ದೂರು ತುಳುವಿನಲ್ಲೋ ಹವ್ಯಕ ಕನ್ನಡದಲ್ಲೋ ಇರುತ್ತದೆ. ಇಷ್ಟು ಭಾಷೆಗಳನ್ನು ದಾಟುವ ಹೊತ್ತಿಗೆ ಎಲ್ಲ ದೋಷವೂ 'ಮೋಟಾರು ಹೋಗಿದೆ' ಎಂಬ ಒಂದೇ ವಾಕ್ಯವಾಗಿ ಉಳಿಯುತ್ತದೆ.

ಮೊದಲ ಅಳತೆ: ಬ್ಯಾಟರಿ

36 ವೋಲ್ಟಿನ ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಹತ್ತು ಸೆಲ್ಲುಗಳ ಸಾಲು ಇರುತ್ತದೆ. ಪೂರ್ತಿ ಚಾರ್ಜಾದಾಗ 42 ವೋಲ್ಟು. 30ರ ಸಮೀಪಕ್ಕೆ ಇಳಿದಾಗ ಅದು ಖಾಲಿ. 48 ವೋಲ್ಟಿನ, ಹದಿಮೂರು ಸೆಲ್ಲಿನ ಸಾಲಿಗೆ ಪೂರ್ಣ ಚಾರ್ಜು 54.6. ಲಿಥಿಯಂ ಐರನ್ ಫಾಸ್ಫೇಟ್ ಜಾತಿಯ ಬ್ಯಾಟರಿಯ ಲೆಕ್ಕ ಬೇರೆ, ಅದರ ಚಾರ್ಜರೂ ಬೇರೆ. ಪ್ಲಗ್ಗು ಕೂರುತ್ತದೆ ಎಂಬ ಕಾರಣಕ್ಕೆ ಒಂದರ ಚಾರ್ಜರನ್ನು ಇನ್ನೊಂದಕ್ಕೆ ಹಾಕಬಾರದು.

ಚಾರ್ಜು ಮಾಡಿ ಒಂದು ಗಂಟೆ ಬಿಟ್ಟು ಅಳೆಯಿರಿ. 41ರಿಂದ 42ರ ನಡುವೆ ಇದ್ದರೆ ಅರ್ಧ ಪರೀಕ್ಷೆ ಪಾಸಾಯಿತು. ಉಳಿದರ್ಧ ಭಾರದಡಿಯಲ್ಲಿ. ನಿಂತಾಗ 40 ತೋರಿಸಿ, ಏರು ಹತ್ತುವಾಗ ತಟ್ಟನೆ 31ಕ್ಕೆ ಬಿದ್ದು ಮೋಟಾರು ನಿಂತು, ಅರ್ಧ ನಿಮಿಷದ ಮೇಲೆ ಮತ್ತೆ 38 ತೋರಿಸಿ ಎಳೆಯತೊಡಗಿದರೆ ಎರಡರಲ್ಲಿ ಒಂದು: ಸೆಲ್ಲುಗಳು ಮುಪ್ಪಾಗಿವೆ ಅಥವಾ ನಡುವಿನ ಯಾವುದೋ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಐದು ನಿಮಿಷ ಓಡಿಸಿ ಬ್ಯಾಟರಿ ಕಳಚಿ ಕನೆಕ್ಟರುಗಳನ್ನು ಮುಟ್ಟಿ ನೋಡಿ. ಒಂದು ಮಾತ್ರ ಬಿಸಿಯಾಗಿದ್ದರೆ, ಅದರ ಪ್ಲಾಸ್ಟಿಕ್ಕು ಕಂದಿದ್ದರೆ, ಅಪರಾಧಿ ಅದೇ. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಹಿತ್ತಾಳೆಯ ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟುವುದು ಒಳನಾಡಿಗಿಂತ ಬಹಳ ಬೇಗ. ಕಾಂಟಾಕ್ಟ್ ಕ್ಲೀನರ್ ಮತ್ತು ಬ್ರಶ್ಶಿನಿಂದ ತೊಳೆದು, ಒಣಗಿಸಿ, ಸಡಿಲಾದ ಪಿನ್ನನ್ನು ಬದಲಿಸಬೇಕು, ಸೀಮೆಎಣ್ಣೆ ಬೇಡ.

ಬ್ಯಾಟರಿಯ ತುದಿಯಲ್ಲಿ ಸೊನ್ನೆ ವೋಲ್ಟು ತೋರಿಸಿದರೆ ಒಳಗಿನ ರಕ್ಷಣಾ ಫಲಕ, ಅಂದರೆ ಬಿ.ಎಂ.ಎಸ್., ಬಾಗಿಲು ಹಾಕಿಕೊಂಡಿರಬಹುದು. ಫ್ಯೂಸು ನೋಡಿ, ಸರಿಯಾದ ಚಾರ್ಜರಿಗೆ ಹಾಕಿ ನೋಡಿ. ಕೆಲವು ಫಲಕಗಳು ಹಾಗೆ ಎಚ್ಚರಗೊಳ್ಳುತ್ತವೆ. ಎಚ್ಚರಗೊಳ್ಳದಿದ್ದರೆ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಫಲಕವನ್ನು ದಾಟಿಸಿ ನೇರ ವಯರು ಬೆಸೆಯುವ ರಿಪೇರಿಯನ್ನು ನಾನು ಎರಡು ಕಡೆ ಕಂಡಿದ್ದೇನೆ. ಸೆಲ್ಲೊಂದು 2.5 ವೋಲ್ಟಿಗಿಂತ ಬಹಳ ಕೆಳಗೆ ಬಹುಕಾಲ ಬಿದ್ದಿದ್ದರೆ ಅದರೊಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅನಂತರ ಚಾರ್ಜು ಮಾಡಿದಾಗ ಆ ತಾಮ್ರವೇ ಒಳಗೆ ಶಾರ್ಟಿಗೆ ದಾರಿ ಮಾಡಿಕೊಡುತ್ತದೆ. ಅಂಥ ಬ್ಯಾಟರಿಗೆ ಹೆಚ್ಚಾಗಿ ಬೆಂಕಿ ಬೀಳುವುದು ಓಡಿಸುವಾಗಲ್ಲ, ರಾತ್ರಿ ಚಾವಡಿಯಲ್ಲಿ ಚಾರ್ಜಿಗೆ ಇಟ್ಟಾಗ.

ಬ್ರೇಕ್ ಸ್ವಿಚ್ಚು: ಮಳೆಗಾಲದ ಮುಖ್ಯ ಶಂಕಿತ

ಡಿಸ್‌ಪ್ಲೇ ಹೊತ್ತುತ್ತದೆ, ಬ್ಯಾಟರಿ ಸರಿಯಾಗಿದೆ, ಆದರೆ ಪೆಡಲ್ ತುಳಿದರೂ ಥ್ರಾಟಲ್ ತಿರುವಿದರೂ ಮೋಟಾರು ಮಿಸುಕುವುದಿಲ್ಲ ಎಂದಾದರೆ ಮೊದಲು ಬ್ರೇಕ್ ಲಿವರಿನತ್ತ ನೋಡಬೇಕು. ಎರಡೂ ಲಿವರುಗಳ ಒಳಗೆ ಒಂದೊಂದು ಸಣ್ಣ ಸ್ವಿಚ್ಚು ಇರುತ್ತದೆ. ಲಿವರು ಎಳೆದಾಗ ಅದು ಕೂಡಿಕೊಂಡು ಕಂಟ್ರೋಲರಿಗೆ ಸುದ್ದಿ ಮುಟ್ಟಿಸುತ್ತದೆ. ನೀರು ನುಗ್ಗಿದರೆ, ಕೆಂಪುಮಣ್ಣಿನ ಕೆಸರು ಕೂತರೆ, ಇಲ್ಲವೇ ಬ್ರೇಕಿನ ಕೇಬಲು ತುಕ್ಕು ಹಿಡಿದು ಲಿವರು ಪೂರ್ತಿ ಹಿಂದಕ್ಕೆ ಬಾರದಿದ್ದರೆ, ಬ್ರೇಕ್ ಹಿಡಿಯದಿದ್ದರೂ ಹಿಡಿದಿದೆ ಎಂಬ ಸುದ್ದಿಯೇ ಹೋಗುತ್ತಿರುತ್ತದೆ.

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ನೆರೆಯ ಕೃಷಿಕರೊಬ್ಬರು, ನಾನು ಮಾವ ಎಂದು ಕರೆಯುವವರು, ಸೈಕಲ್ಲನ್ನು ತಳ್ಳಿಕೊಂಡೇ ಬಂದರು. ಪೇಟೆಯ ಒಂದು ಅಂಗಡಿಯಲ್ಲಿ ಮೋಟಾರೇ ಹೋಗಿದೆ, ಹೊಸತು ಹಾಕಬೇಕು ಎಂದಿದ್ದರಂತೆ. "ಮಾವಾ, ನಿನ್ನೆ ತೋಡು ದಾಟುವಾಗ ಸೈಕಲ್ಲು ಬಿದ್ದಿತ್ತೇ?" ಎಂದು ಕೇಳಿದೆ. "ಬಿದ್ದದ್ದಲ್ಲ, ಮಲಗಿಸಿದ್ದು" ಎಂದರು. ಎಡಗಡೆಯ ಲಿವರಿನ ಸ್ವಿಚ್ಚಿನ ಕನೆಕ್ಟರನ್ನು ಬಿಡಿಸಿ, ಎತ್ತಿದ ಚಕ್ರದಲ್ಲಿ ಪೆಡಲ್ ತಿರುಗಿಸಿದೊಡನೆ ಮೋಟಾರು ಎಳೆಯಿತು. ಹೊಸ ಮೋಟಾರಿನ ಲೆಕ್ಕ ಅಲ್ಲಿಗೆ ಬಿಟ್ಟುಹೋಯಿತು.

ಈ ಪರೀಕ್ಷೆಯ ವಿಧಾನ ಇಷ್ಟೇ: ಒಂದು ಲಿವರಿನ ಕನೆಕ್ಟರ್ ಬಿಡಿಸಿ ನೋಡುವುದು, ಮತ್ತೆ ಜೋಡಿಸಿ ಇನ್ನೊಂದನ್ನು ಬಿಡಿಸಿ ನೋಡುವುದು. ಎರಡು ವಯರಿನ ಸ್ವಿಚ್ಚಾದರೆ ಮಲ್ಟಿಮೀಟರನ್ನು ಬೀಪ್ ಗುರುತಿನಲ್ಲಿಟ್ಟು ಲಿವರು ಬಿಟ್ಟಾಗ ಮೌನ, ಎಳೆದಾಗ ಬೀಪ್ ಬರುತ್ತದೆಯೇ ಎಂದು ನೋಡಬಹುದು; ಕೆಲವು ಮಾದರಿಗಳಲ್ಲಿ ಇದು ತಲೆಕೆಳಗಾಗಿರುವುದೂ ಉಂಟು, ಆಗ ಸರಿಯಾಗಿರುವ ಇನ್ನೊಂದು ಬದಿಯೊಡನೆ ಹೋಲಿಸಬೇಕು. ಮೂರು ವಯರಿನದ್ದು ಆಯಸ್ಕಾಂತದ ಸೆನ್ಸರ್, ಅದಕ್ಕೆ ಬೀಪಿನ ಪರೀಕ್ಷೆ ನಡೆಯದು.

ಬಿಡಿಸಿದ ಕನೆಕ್ಟರನ್ನು ಹಾಗೆಯೇ ಬಿಟ್ಟು ಓಡಿಸುವುದು ತಪ್ಪು. ಇದನ್ನು ಒತ್ತಿ ಹೇಳಲು ಕಾರಣವಿದೆ. ಹುಡುಗನೊಬ್ಬನ ಸೈಕಲ್ಲಿನಲ್ಲಿ ಎರಡೂ ಸ್ವಿಚ್ಚುಗಳ ವಯರನ್ನು ಯಾರೋ ಕತ್ತರಿಸಿ ಟೇಪು ಸುತ್ತಿದ್ದರು. ಪೆಡಲ್ ಸೆನ್ಸರಿಗೆ ತುಳಿತ ನಿಂತದ್ದು ತಿಳಿಯಲು ಕ್ಷಣಾರ್ಧದಿಂದ ಒಂದು ಕ್ಷಣದವರೆಗೆ ಬೇಕಾಗುತ್ತದೆ. ಬ್ರೇಕಿನ ಸ್ವಿಚ್ಚು ಆ ತಡವನ್ನು ಇಲ್ಲವಾಗಿಸಲೆಂದೇ ಇರುವುದು. ಒದ್ದೆ ಇಳಿಜಾರಿನಲ್ಲಿ, ತಿರುವಿನಲ್ಲಿ, ಬ್ರೇಕ್ ಹಿಡಿದ ಮೇಲೂ ಮೋಟಾರು ಒಂದು ಮಾರು ಮುಂದಕ್ಕೆ ದೂಡಿದರೆ ಸವಾರ ತೋಡಿನಲ್ಲಿರುತ್ತಾನೆ. ಹಾಗೆ ಬಿದ್ದ ಆ ಹುಡುಗನಿಗೆ ಮೊಣಕೈ ತರಚಿದ್ದಷ್ಟೇ ಆಗಿತ್ತು.

ಒದ್ದೆಯಾದ ಸ್ವಿಚ್ಚನ್ನು ಒಂದು ಹಗಲು ಫ್ಯಾನಿನ ಗಾಳಿಗೆ ಒಣಗಿಸಿದರೆ ಸರಿಹೋಗಬಹುದು. ಮತ್ತೆ ಮತ್ತೆ ತೊಂದರೆ ಕೊಟ್ಟರೆ ಲಿವರನ್ನೇ ಬದಲಿಸುವುದು ಲೇಸು. ಸೈಕಲ್ಲಿನ ಭಾಗಗಳಲ್ಲಿ ಅದು ಅಗ್ಗದ್ದು.

ಪೆಡಲ್ ಸೆನ್ಸರ್, ಥ್ರಾಟಲ್

ಥ್ರಾಟಲಿಗೆ ಎಳೆದು ಪೆಡಲಿಗೆ ಎಳೆಯದಿದ್ದರೆ ದೋಷ ಪೆಡಲ್ ಸೆನ್ಸರಿನಲ್ಲಿದೆ. ಪೆಡಲಿನ ಅಚ್ಚಿನ ಬಳಿ ಆಯಸ್ಕಾಂತದ ತುಣುಕುಗಳಿರುವ ಒಂದು ಬಳೆ, ಅದರ ಎದುರು ಸೆನ್ಸರ್. ನಡುವಿನ ಅಂತರ ಎರಡು ಮೂರು ಮಿಲಿಮೀಟರು. ಅಡಿಕೆ ಚೀಲದ ದಾರ, ಹುಲ್ಲು, ಕೆಸರು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಳೆ ಸರಿದು ಅಂತರ ಹೆಚ್ಚುತ್ತದೆ. ಶುಚಿಮಾಡಿ ಸರಿಸಿದರೆ ಮುಗಿಯಿತು.

ಥ್ರಾಟಲಿಗೆ ಹೆಚ್ಚು ಎಚ್ಚರ ಬೇಕು. ಅದರ ಮೂರು ವಯರುಗಳಲ್ಲಿ ಒಂದು ಸುಮಾರು 5 ವೋಲ್ಟಿನ ಪೂರೈಕೆ, ಒಂದು ಗ್ರೌಂಡ್, ಇನ್ನೊಂದು ಸಂಕೇತ. ಕೈ ಬಿಟ್ಟಾಗ ಸಂಕೇತ 0.8ರಿಂದ 1 ವೋಲ್ಟಿನ ಆಸುಪಾಸು, ಪೂರ್ತಿ ತಿರುವಿದಾಗ 3.5ರಿಂದ 4.2. ಗ್ರೌಂಡ್ ವಯರು ತುಂಡಾದರೆ ಸಂಕೇತ ತಾನಾಗಿ ಮೇಲೇರಿ ನಿಲ್ಲುತ್ತದೆ. ಒಳ್ಳೆಯ ಕಂಟ್ರೋಲರ್ ಇದನ್ನು ದೋಷವೆಂದು ಗುರುತಿಸಿ ನಿಲ್ಲುತ್ತದೆ, ಅಗ್ಗದ್ದು ಪೂರ್ಣ ವೇಗದ ಅಪ್ಪಣೆಯೆಂದು ತಿಳಿಯುತ್ತದೆ. ಹ್ಯಾಂಡಲ್ ತಿರುಗುವ ಮೂಲೆಯಲ್ಲಿ ವಯರು ಮಡಚಿ ಮಡಚಿ ಒಳಗೇ ತುಂಡಾಗಿರುವುದನ್ನು ಹೊರಗಿನ ಹೊದಿಕೆ ತೋರಿಸುವುದಿಲ್ಲ. ಹ್ಯಾಂಡಲನ್ನು ಎಡಬಲ ತಿರುಗಿಸುತ್ತ ಮೀಟರಿನ ಅಂಕಿ ಹಾರಾಡುತ್ತದೆಯೇ ಎಂದು ನೋಡಿ. ಹಾರಾಡಿದರೆ ಥ್ರಾಟಲ್ ಬದಲಿಸುವವರೆಗೆ ಅದರ ಕನೆಕ್ಟರ್ ಬಿಡಿಸಿ ಪೆಡಲ್ ನೆರವಿನಲ್ಲೇ ಓಡಿಸಬಹುದು. ಬಿಡಿಸಿಟ್ಟರೂ ಅಪಾಯವಿಲ್ಲದ ಕನೆಕ್ಟರ್ ಇದೊಂದೇ.

ಮೋಟಾರು ನಡುಗಿದರೆ, ಚಕ್ರ ಬಿಗಿದರೆ

ಎಳೆಯಲು ತೊಡಗುವಾಗ ಮೋಟಾರು ಗರಗರ ಸದ್ದು ಮಾಡುತ್ತ ಅಲುಗಾಡಿ, ಕೈಯಿಂದ ಚಕ್ರ ತಿರುಗಿಸಿಕೊಟ್ಟರೆ ಮಾತ್ರ ಓಡುವುದಾದರೆ ಮೋಟಾರು ಎಷ್ಟು ತಿರುಗಿದೆ ಎಂದು ಕಂಟ್ರೋಲರಿಗೆ ಹೇಳುವ ಹಾಲ್ ಸೆನ್ಸರುಗಳ ಮೇಲೆ ಸಂಶಯ ಪಡಬೇಕು. ಮೋಟಾರಿನಿಂದ ಬರುವ ದಪ್ಪ ವಯರುಗಳು ಮೂರು, ತೆಳ್ಳಗಿನವು ಸಾಮಾನ್ಯವಾಗಿ ಐದು. ತೆಳ್ಳಗಿನ ಕೆಂಪು ಮತ್ತು ಕಪ್ಪಿನ ನಡುವೆ 5 ವೋಲ್ಟಿನ ಸಮೀಪ ಬರಬೇಕು. ಕನೆಕ್ಟರ್ ಜೋಡಿಸಿಟ್ಟೇ, ಕಪ್ಪು ಮತ್ತು ಉಳಿದ ಒಂದೊಂದು ಬಣ್ಣದ ನಡುವೆ ಅಳೆಯುತ್ತ ಚಕ್ರವನ್ನು ನಿಧಾನವಾಗಿ ತಿರುಗಿಸಿದಾಗ ಅಂಕಿ ಸೊನ್ನೆಗೂ 5ರ ಸಮೀಪಕ್ಕೂ ಬದಲಾಗುತ್ತಿರಬೇಕು. ಗೇರು ಇರುವ ಹಬ್ ಮೋಟಾರಿನಲ್ಲಿ ಚಕ್ರವನ್ನು ಹಿಂದಕ್ಕೆ ತಿರುಗಿಸಬೇಕು, ಏಕೆಂದರೆ ಮುಂದಕ್ಕೆ ತಿರುಗಿಸಿದಾಗ ಒಳಗಿನ ಕ್ಲಚ್ಚು ಬಿಟ್ಟುಕೊಂಡು ಮೋಟಾರು ತಿರುಗುವುದೇ ಇಲ್ಲ. ಇದು ತಿಳಿಯದೆ ಒಳ್ಳೆಯ ಮೋಟಾರನ್ನು ನಾನೇ ಒಮ್ಮೆ ಹಾಳಾದ್ದೆಂದು ಬರೆದಿಟ್ಟಿದ್ದೆ.

ಒಂದು ಬಣ್ಣ ಮಾತ್ರ ಅಲುಗಾಡದಿದ್ದರೆ ಸೆನ್ಸರಿಗಿಂತ ಮೊದಲು ಅಚ್ಚಿನ ಬಳಿಯ ವಯರನ್ನು ನೋಡಿ. ಅಚ್ಚಿನ ನಟ್ಟು ಸಡಿಲಾಗಿ ಅಚ್ಚು ತನ್ನ ಜಾಗದಲ್ಲೇ ಸುತ್ತಿದರೆ ವಯರು ಹಿಂಡಿಹೋಗುತ್ತದೆ. ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ಅಚ್ಚು ಸುತ್ತದಂತೆ ಹಿಡಿಯಲೆಂದೇ ಇರುವುದು. ಪಂಕ್ಚರು ಹಾಕಿದವರು ಅದನ್ನು ಮರಳಿ ಹಾಕಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ವಯರು ಅಚ್ಚಿಗೆ ನುಗ್ಗುವ ಮೊದಲು ಒಂದು ಬಳುಕು ಕೆಳಗೆ ಇಳಿದಿರಬೇಕು, ಆಗ ಮಳೆನೀರು ಒಳಕ್ಕೆ ಹರಿಯದೆ ಬಳುಕಿನ ತುದಿಯಿಂದ ತೊಟ್ಟಿಕ್ಕುತ್ತದೆ.

ಬ್ಯಾಟರಿ ಕಳಚಿದಾಗಲೂ ಚಕ್ರ ಹಿಡಿದು ಹಿಡಿದು ತಿರುಗುತ್ತಿದ್ದರೆ ಮೂರು ದಪ್ಪ ವಯರುಗಳನ್ನು ಕಂಟ್ರೋಲರಿನಿಂದ ಬಿಡಿಸಿ ಮತ್ತೆ ತಿರುಗಿಸಿ. ಸಲೀಸಾದರೆ ಕಂಟ್ರೋಲರಿನೊಳಗೆ ಶಾರ್ಟ್ ಆಗಿದೆ; ಬಿಗಿತ ಹಾಗೆಯೇ ಉಳಿದರೆ ಮೋಟಾರಿನೊಳಗೋ ಅದರ ವಯರಿನಲ್ಲೋ. ಕಂಟ್ರೋಲರ್ ಬದಲಿಸುವಾಗ ವೋಲ್ಟು ಮಾತ್ರವಲ್ಲ, ಆಂಪಿಯರು, ವೇಗದ ಮಿತಿ ಎರಡನ್ನೂ ನೋಡಿ ಹಳೆಯದಕ್ಕೆ ಸರಿಸಮನಾದುದನ್ನೇ ಹಾಕಬೇಕು. ಹೊರದೇಶದ ಪೇಟೆಗೆಂದು ಮಾಡಿದ 500, 750 ವ್ಯಾಟಿನ ಕಂಟ್ರೋಲರುಗಳು ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತವೆ, ಹೊಂದಿಯೂ ಬಿಡುತ್ತವೆ. ಅದನ್ನು ಹಾಕಿದ ದಿನ ಪ್ರಮಾಣಪತ್ರದ ಸೈಕಲ್ಲು ಬೇರೆ, ನಿಮ್ಮ ಅಂಗಳದಲ್ಲಿರುವುದು ಬೇರೆ. ಹಳೆಯ ಸೈಕಲ್ಲಿಗೆ ಮನೆಯಲ್ಲೇ ಕಿಟ್ ಜೋಡಿಸಿಕೊಂಡವರ ತೊಡಕೂ ಇದೇ: ಓಡಬಹುದು, ಆದರೆ ತಡೆದು ಕೇಳಿದಾಗ ತೋರಿಸಲು ಮಾದರಿಯ ಪ್ರಮಾಣಪತ್ರವಿರುವುದಿಲ್ಲ.

ಏರು ಹತ್ತದ ಸೈಕಲ್ಲು

ಚೆರ್ಕಳದಿಂದ ಬದಿಯಡ್ಕಕ್ಕೆ ಹೋಗುವ ದಾರಿಯಂಥ ಏರಿಳಿತಗಳಲ್ಲಿ 'ಎಳೆಯುವುದಿಲ್ಲ' ಎನ್ನುವ ದೂರನ್ನು ಲೆಕ್ಕ ಹಾಕಿ ನೋಡಬೇಕು. ಸವಾರ, ಸೈಕಲ್ಲು, ಚೀಲ ಎಲ್ಲ ಸೇರಿ 100 ಕಿಲೋ ಎನ್ನೋಣ. ನೂರಡಿಗೆ ಹತ್ತಡಿ ಏರುವ ಚಡಾವಿನಲ್ಲಿ 250 ವ್ಯಾಟು ಪೂರ್ತಿಯಾಗಿ ಚಕ್ರಕ್ಕೆ ಮುಟ್ಟಿದರೂ ವೇಗ ಗಂಟೆಗೆ 9 ಕಿಲೋಮೀಟರಿನ ಸುತ್ತ. ಮೋಟಾರಿನ ನಷ್ಟ ಕಳೆದರೆ ಇನ್ನೂ ಕಡಿಮೆ. ಅಷ್ಟು ನಿಧಾನದಲ್ಲಿ ಹಬ್ ಮೋಟಾರು ಎಳೆಯುವುದಕ್ಕಿಂತ ಬಿಸಿಯೇರುವುದೇ ಹೆಚ್ಚು. ಏರಿನಲ್ಲಿ ಕಾಲಿನಿಂದ ತುಳಿಯಲೇಬೇಕು, ಹಗುರ ಗೇರಿಗೆ ಇಳಿಯಲೇಬೇಕು. ಮೋಟಾರಿನ ಹೊರಕವಚ ಕೈಯಿಡಲಾಗದಷ್ಟು ಬಿಸಿಯಾಗಿದ್ದರೆ ನಿಲ್ಲಿಸಿ ತಣಿಯಲು ಬಿಡಬೇಕು. ಅದೇ ರೀತಿ 100 ಕಿಲೋವನ್ನು 100 ಮೀಟರು ಎತ್ತರಕ್ಕೆ ಒಯ್ಯಲು ನಷ್ಟ ಬಿಟ್ಟು 27 ವ್ಯಾಟ್ ಅವರ್ ಬೇಕು; 36 ವೋಲ್ಟಿನ, 7.5 ಆಂಪಿಯರ್ ಅವರ್ ಬ್ಯಾಟರಿಯಲ್ಲಿರುವುದು ಒಟ್ಟು 270. ಸಮತಟ್ಟು ನೆಲದಲ್ಲಿ ಅಳೆದು ಡಬ್ಬದ ಮೇಲೆ ಮುದ್ರಿಸಿದ ದೂರ ನಮ್ಮ ಗುಡ್ಡೆಗಳಲ್ಲಿ ಬರುವುದಿಲ್ಲ, ಅದಕ್ಕಾಗಿ ಬ್ಯಾಟರಿಯನ್ನು ದೂರಬೇಕಿಲ್ಲ.

ಆದರೆ ಮೊದಲು ಹತ್ತುತ್ತಿದ್ದ ಅದೇ ಏರನ್ನು ಈಗ ಹತ್ತದಿದ್ದರೆ ಅದು ದೋಷ. ಬ್ರೇಕಿನ ಪ್ಯಾಡು ಡಿಸ್ಕಿಗೆ ಉಜ್ಜುತ್ತಿದೆಯೇ, ಟಯರಿನಲ್ಲಿ ಗಾಳಿ ಇದೆಯೇ ಎಂದು ನೋಡಿದ ಮೇಲೆ ಬ್ಯಾಟರಿಯ ಪರೀಕ್ಷೆಗೆ ಹೋಗಿ.

ಚಾರ್ಜು ಆಗದಿದ್ದರೆ, ಆಗಬಾರದಂತೆ ಆದರೆ

36 ವೋಲ್ಟಿನ ಬ್ಯಾಟರಿಯ ಚಾರ್ಜರಿನ ಹೊರತುದಿಯಲ್ಲಿ 42 ವೋಲ್ಟಿನ ಸಮೀಪ ಬಾರದಿದ್ದರೆ ಚಾರ್ಜರ್ ಕೆಟ್ಟಿದೆ. ಬಂದೂ ಬ್ಯಾಟರಿ ತುಂಬದಿದ್ದರೆ ಚಾರ್ಜಿನ ತೂತಿನ ಪಿನ್ನು, ಅನಂತರ ಬಿ.ಎಂ.ಎಸ್. ಎಪ್ರಿಲ್-ಮೇ ತಿಂಗಳ ಸಂಜೆಗಳಲ್ಲೂ ತುಲಾವರ್ಷದ, ಅಂದರೆ ಹಿಂಗಾರು ಮಳೆಯ, ಕಾಲದಲ್ಲೂ ಸಿಡಿಲಿಗೆ ಚಾರ್ಜರುಗಳು ಸುಟ್ಟುಹೋಗುವುದು ಹೆಚ್ಚು. ಮೋಡ ಕಟ್ಟಿದಾಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಚಾರ್ಜರ್ ಹಾಕಿದೊಡನೆ ಮನೆಯ ಇ.ಎಲ್.ಸಿ.ಬಿ., ಅಂದರೆ ವಿದ್ಯುತ್ತು ಸೋರಿದರೆ ಕಡಿದುಹಾಕುವ ಸ್ವಿಚ್ಚು, ಬೀಳುತ್ತಿದ್ದರೆ ಆ ಚಾರ್ಜರಿನಿಂದ ವಿದ್ಯುತ್ತು ಸೋರುತ್ತಿದೆ, ಇ.ಎಲ್.ಸಿ.ಬಿ.ಯನ್ನು ದಾಟಿಸಿ ಚಾರ್ಜು ಮಾಡಿದವರೂ ಇದ್ದಾರೆ, ಹಾಗೆ ಮಾಡಲೇಬಾರದು.

ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ, ಹೊರಬಾಗಿಲಿನ ದಾರಿಯಲ್ಲಿ, ಅಡಿಕೆ ರಾಶಿ, ಗೋಣಿ, ಮಡಲುಗಳ ಬಳಿ ಚಾರ್ಜಿಗಿಡಬಾರದು. ಓಡಿಸಿ ಬಂದ ಬಿಸಿಗೇ ಚಾರ್ಜು ಮಾಡಬಾರದು. ಕವಚ ಉಬ್ಬಿದ್ದರೆ, ಸಿಹಿಯಾದ ಬಣ್ಣದೆಣ್ಣೆಯಂಥ ವಾಸನೆ ಬಂದರೆ, ಬುಸ್ಸೆಂಬ ಸದ್ದು ಕೇಳಿದರೆ ದೋಷ ಹುಡುಕುವ ಹೊತ್ತು ಅದಲ್ಲ. ಹೊಗೆಯಿನ್ನೂ ಏಳದೆ, ಮುಟ್ಟುವಷ್ಟು ತಣ್ಣಗಿದ್ದರೆ ಅಂಗಳದ ತುದಿಗೆ ಒಯ್ದಿಡಿ. ಹೊಗೆ ಎದ್ದಿದ್ದರೆ ಮುಟ್ಟದೆ ಮನೆಯವರೆಲ್ಲ ಹೊರಗೆ ಬಂದು 101ಕ್ಕೆ ಕರೆ ಮಾಡಿ. ಆ ಹೊಗೆ ವಿಷ. ನೆರೆನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಒಣಗಿಸಿ ಬಳಸುವ ಆಸೆ ಬೇಡ, ಅದನ್ನೂ ಮನೆಯಿಂದ ದೂರವೇ ಇಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದ್ದು. ಗುಜರಿಯವರಿಗೆ ತೂಕಕ್ಕೆ ಕೊಡಬಾರದು.

ರಿಪೇರಿಯಾದ ಮೇಲೆ

ಸೈಕಲ್ಲನ್ನು ದಾರಿಗೆ ಇಳಿಸುವ ಮೊದಲು ಚಕ್ರ ಎತ್ತಿದ ಸ್ಥಿತಿಯಲ್ಲೇ ಮೋಟಾರು ಓಡಿಸಿ, ಎಡ ಮತ್ತು ಬಲ ಲಿವರುಗಳನ್ನು ಬೇರೆ ಬೇರೆಯಾಗಿ ಒಂದಿಷ್ಟೇ ಎಳೆದು ನೋಡಬೇಕು; ಪ್ಯಾಡು ಹಿಡಿಯುವ ಮೊದಲೇ ಮೋಟಾರು ನಿಲ್ಲಬೇಕು. ಪೆಡಲ್ ನಿಲ್ಲಿಸಿದಾಗ ನೆರವು ನಿಲ್ಲಬೇಕು. ಆಮೇಲೆ ಶಾಲೆಯ ಮೈದಾನದಂಥ ಸಮತಟ್ಟು ಜಾಗದಲ್ಲಿ 25ರ ಮಿತಿಯನ್ನು ಜಿ.ಪಿ.ಎಸ್. ಇಟ್ಟು ಪರೀಕ್ಷಿಸಬೇಕು. ಬಿಲ್ಲು, ಮಾದರಿಯ ಪ್ರಮಾಣಪತ್ರದ ಪ್ರತಿ, ಬದಲಿಸಿದ ಭಾಗದ ಚೀಟಿ ಮೂರನ್ನೂ ಒಂದೇ ಕವರಿನಲ್ಲಿಡಿ, ಮೊಬೈಲಿನಲ್ಲೂ ಒಂದು ಫೋಟೋ ಇರಲಿ.

ಮಾವನ ಸೈಕಲ್ಲಿಗೆ ಹೊಸ ಎಡ ಲಿವರು ಬರಲು ಆರು ದಿನ ಹಿಡಿಯಿತು. ಅಷ್ಟು ದಿನ ಕನೆಕ್ಟರ್ ಬಿಡಿಸಿಯೇ ಓಡಿಸುತ್ತೇನೆ ಎಂದು ಅವರು ಎರಡು ಸಲ ಕೇಳಿದರು, ನಾನು ಬ್ಯಾಟರಿಯನ್ನು ನಮ್ಮಲ್ಲೇ ಇಟ್ಟುಕೊಂಡೆ. ಲಿವರು ಹಾಕಿ ಕೊಟ್ಟ ದಿನ ನೋಡಿದರೆ ಹಿಂದಿನ ಕೆಂಪು ಪ್ರತಿಫಲಕ ಒಡೆದಿತ್ತು. ಅದನ್ನು ಪೇಟೆಯಿಂದ ತರಿಸಿ ಕೂರಿಸಿದ ಮೇಲೆಯೇ ಸೈಕಲ್ಲು ಅಂಗಳ ಬಿಟ್ಟದ್ದು.